ಪೈಪಿನೊಳಗೆ ಎಳೆಯುವಾಗ ವೈರ್ ತರಚಿದರೆ

ಇನ್ಸುಲೇಷನ್ ತರಚಿ ತಾಮ್ರ ಕಂಡರೆ, ಟೇಪ್ ಸುತ್ತಿ ಪೈಪಿನೊಳಗೆ ತಳ್ಳಲೇಬೇಡಿ. ಬಿಸಿಗೆ ಟೇಪಿನ ಅಂಟು ಬಿಡುತ್ತದೆ. ಮಳೆಗಾಲದಲ್ಲಿ ತೇವ ಇಳಿದರೆ ಕರೆಂಟ್ ಲೀಕೇಜ್ ಶುರು, ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನಾಗೇ ಆಫ್ ಆಗುವ ಸ್ವಿಚ್) ಪದೇಪದೇ ಟ್ರಿಪ್ ಆಗುತ್ತದೆ. ಬಾಕ್ಸಿನಿಂದ ಬಾಕ್ಸಿನವರೆಗಿನ ಇಡೀ ವೈರನ್ನೇ ಬದಲಿಸಿ.

ಮೇನ್ ಆಫ್ ಮಾಡಿ, ಟೆಸ್ಟ್ ಲ್ಯಾಂಪಿನಿಂದ ಖಚಿತಪಡಿಸಿಕೊಳ್ಳಿ. ಹಳೇ ವೈರಿನ ತುದಿಗೆ ಅದೇ ಅಳತೆಯ, ಅದೇ ಬಣ್ಣದ ಹೊಸದನ್ನು ಕೊಕ್ಕೆಯಂತೆ ಬಾಗಿಸಿ ಸಿಕ್ಕಿಸಿ, ಗಂಟು ಉಬ್ಬದಂತೆ ಟೇಪ್ ಸುತ್ತಿ. ಒಬ್ಬರು ಎಳೆಯುವಾಗ ಇನ್ನೊಬ್ಬರು ಆ ಕಡೆಯಿಂದ ಸುರುಳಿ ಬಿಡಿಸಿ ನೇರವಾಗಿ ಒಳಗೆ ಬಿಡುತ್ತಿರಬೇಕು. ಬಿಗಿಯಾದರೆ ಟಾಲ್ಕಂ ಪೌಡರ್ ಹಚ್ಚಿ. ಎಣ್ಣೆ ಬೇಡ, ಅದು ವೈರಿನ ಪಿವಿಸಿ ಇನ್ಸುಲೇಷನ್ನನ್ನು ಕೆಡಿಸುತ್ತದೆ. ತರಚುವುದು ಹೆಚ್ಚಾಗಿ ಲೋಹದ ಬಾಕ್ಸಿನ ಚೂಪು ತೂತಿನಲ್ಲಿ. ಎಳೆಯುವ ಮೊದಲೇ ಅದನ್ನು ಅರದಿಂದ ಉಜ್ಜಿ, ಬುಷ್ (ತೂತಿನ ಅಂಚು ಮುಚ್ಚುವ ಬಳೆ) ಹಾಕಿ.

ವೈರ್ ಎಳೆದ ಮೇಲೆ, ಮೇನ್ ಆಫ್ ಇರುವಾಗಲೇ ಬಲ್ಬು, ರೆಗ್ಯುಲೇಟರ್ ಕಳಚಿ, ಫೇಸ್–ಅರ್ಥ್ ನಡುವೆ 500 ವೋಲ್ಟ್ ಮೆಗ್ಗರಿನಿಂದ (ಇನ್ಸುಲೇಷನ್ ಪರೀಕ್ಷಿಸುವ ಮೀಟರ್) ಅಳೆಯಿರಿ. ಕನಿಷ್ಠ 1 ಮೆಗಾಓಮ್ ಬೇಕು. ಹೊಸ ವೈರಿಂಗಿನಲ್ಲಿ ಅಷ್ಟೇ ಬಂದರೆ ಬೇರೆಲ್ಲೋ ತರಚಿರಬಹುದು, ಹುಡುಕಿ.