ನಾಲ್ಕು ವರ್ಷದ ಟ್ಯಾಂಕು, ಒಂದೇ ಸಲ ಅರ್ಧ ನೀರು ಬದಲಾಯ್ಸಿದ್ದು ತಪ್ಪಾಯ್ತು

ನಮ್ಮನೇಲಿ ಮೂರಡಿ ಮೀನಿನ ಟ್ಯಾಂಕ್ ಇದೆ, ಸುಮಾರು 150 ಲೀಟರ್ ನೀರು ಹಿಡಿಯುತ್ತೆ. ಐದು ಏಂಜಲ್, ಎಂಟು ಮೋಲಿ, ತಳ ಕೆದಕ್ತಾ ಓಡಾಡೋ ನಾಲ್ಕು ಕೋರಿಡೋರಾಸ್, ಎರಡು ಹಳದಿ ಬಸವನಹುಳ. ನಾಲ್ಕು ವರ್ಷ ಬೋರ್‌ವೆಲ್ ನೀರಲ್ಲೇ ಚೆನ್ನಾಗಿ ನಡ್ಕೊಂಡು ಬಂದಿತ್ತು. 2024ರ ಬೇಸಿಗೇಲಿ ಬೆಂಗಳೂರಲ್ಲಿ ನೀರಿಗೆ ಎಷ್ಟು ಪರದಾಡಿದ್ವಿ ಅಂತ ಗೊತ್ತಲ್ಲ, ನಮ್ಮ ಬೋರ್ ಕೂಡ ಬತ್ತಿಹೋಯ್ತು, ಟ್ಯಾಂಕರ್ ನೀರು ಒಂದಿನ ಒಂಥರ ಇನ್ನೊಂದಿನ ಇನ್ನೊಂಥರ ಬರ್ತಿತ್ತು, ಅದನ್ನ ಮೀನಿಗೆ ಹಾಕೋಕೆ ಮನಸ್ಸು ಬರ್ಲಿಲ್ಲ, ಅಡುಗೆಮನೆ ಆರ್‌ಓ ನೀರೇ ಶುದ್ಧ ಅನ್ಕೊಂಡು ವಾರವಾರ ಅದನ್ನೇ ಹಾಕ್ತಾ ಬಂದೆ.

ಏಳೆಂಟು ತಿಂಗಳು ಏನೂ ಆಗ್ಲಿಲ್ಲ. ನೀರು ಕನ್ನಡಿ ಥರ ತಿಳಿಯಾಗಿತ್ತು, ವಾಸನೆ ಇಲ್ಲ, ಬಣ್ಣ ಇಲ್ಲ. ಆದ್ರೆ ಬಸವನಹುಳದ ಚಿಪ್ಪು ಬೆಳ್ಳಗಾಗ್ತಾ ಇತ್ತು, ತುದೀಲಿ ಸುಣ್ಣದ ಕಲ್ಲು ಕೆರೆದ ಹಾಗೆ ಸಣ್ಣ ಸಣ್ಣ ಗುಳಿ. ವಯಸ್ಸಾಗಿರ್ಬೇಕು ಅಂತ ಬಿಟ್ಟೆ. ಆಮೇಲೆ ಮೋಲಿಗಳು ರೆಕ್ಕೆ ಮುದುಡ್ಕೊಂಡು ಇದ್ದ ಜಾಗದಲ್ಲೇ ನಿಂತು ಮೈ ತೂಗೋಕೆ ಶುರು ಮಾಡಿದ್ವು, ಏಂಜಲ್ ಊಟಕ್ಕೆ ಮೇಲೆ ಬರೋದು ಕಮ್ಮಿ ಮಾಡಿದ್ವು.

ಮೀನು ಮಂಕಾದ್ರೆ ನೀರು ಬದಲಾಯ್ಸು ಅಂತ ಎಲ್ರೂ ಹೇಳೋದೇ ಅಲ್ವಾ, ನಾನೂ ಹಂಗೇ ಮಾಡ್ದೆ. ಮಳೆ ಬಂದು ಬೋರ್ ಮತ್ತೆ ಶುರುವಾಗಿತ್ತು, ಒಂದು ಭಾನುವಾರ ಅರ್ಧ ನೀರು ಪೈಪಲ್ಲಿ ಎಳೆದು ಬೋರ್ ನೀರು ತುಂಬಿಸ್ದೆ. ಎರಡು ಗಂಟೆ ಆಗೋದ್ರೊಳಗೆ ಮೀನೆಲ್ಲ ಮೇಲೆ ಬಂದು ಬಾಯಿ ಬಿಡ್ತಿದ್ವು, ಕಿವಿರು ಕೆಂಪಾಗಿ ಉಬ್ಬಿತ್ತು. ಸಂಜೆ ಹೊತ್ತಿಗೆ ಮೂರು ಏಂಜಲ್, ಆರು ಮೋಲಿ ಹೋದ್ವು. ನಾಲ್ಕು ವರ್ಷ ಕೈಯಾರೆ ಸಾಕಿದ ಮೀನನ್ನ ಬಲೇಲಿ ಎತ್ತಿ ತೆಗೆಯೋದು ತುಂಬಾ ಕಷ್ಟ ಆಯ್ತು.

ತೆಗೆದ ಹಳೇ ನೀರನ್ನ ಗಿಡಕ್ಕೆ ಅಂತ ಬಕೆಟ್‌ನಲ್ಲಿ ಇಟ್ಟಿದ್ದೆ, ಅದರಿಂದ್ಲೇ ಕಾರಣ ಗೊತ್ತಾಯ್ತು. ಅವತ್ತೇ ಟೆಸ್ಟ್ ಕಿಟ್ ತಂದು ಬಕೆಟ್ ನೀರು, ಟ್ಯಾಂಕ್ ನೀರು ಎರಡನ್ನೂ ಪಕ್ಕಪಕ್ಕ ನೋಡ್ದೆ. ಬಕೆಟ್ ನೀರಿನ ಪಿಎಚ್ (ಕಮ್ಮಿ ಇದ್ದಷ್ಟೂ ನೀರು ಆಸಿಡ್ ಅಂತ ಅರ್ಥ) ಚಾರ್ಟಿನ ತಳದಲ್ಲಿ, 6 ಅಥವಾ ಅದಕ್ಕಿಂತ ಕೆಳಗೆ. ಕೆಎಚ್, ಅಂದ್ರೆ ಪಿಎಚ್ ಬೀಳದ ಹಾಗೆ ತಡೆಯೋ ಕಾರ್ಬೊನೇಟ್ ಅಂಶ, ಅದರ ಟೆಸ್ಟಲ್ಲಿ ನೀಲಿ ಬಂದು ಆಮೇಲೆ ಹಳದಿ ಆಗ್ಬೇಕು, ಇಲ್ಲಿ ಮೊದಲನೇ ಹನಿಗೇ ಹಳದಿ, ಅಂದ್ರೆ ಕೆಎಚ್ ಇಲ್ವೇ ಇಲ್ಲ ಅನ್ನಬಹುದು. ಮೀನಿನ ಹೊಲಸಿಂದ ಬರೋ ಅಮೋನಿಯಾ ಕಡುಹಸಿರು, 8 ಪಿಪಿಎಂ. ಟ್ಯಾಂಕಲ್ಲಿ ಅಮೋನಿಯಾ ಅದರ ಅರ್ಧ, 4, ಆದ್ರೆ ಪಿಎಚ್ 8ರ ಹತ್ತಿರ.

ವಿಷಯ ಏನಂದ್ರೆ, ಫಿಲ್ಟರಿನ ಬ್ಯಾಕ್ಟೀರಿಯಾ ಅಮೋನಿಯಾನ ನೈಟ್ರೇಟ್ ಮಾಡ್ವಾಗ ಆಸಿಡ್ ಹುಟ್ಟುತ್ತೆ, ಅದನ್ನ ತಡ್ಕೊಳ್ಳೋದು ನೀರಲ್ಲಿರೋ ಕೆಎಚ್. 1 ಗ್ರಾಂ ಅಮೋನಿಯಾ ನೈಟ್ರೋಜನ್‌ಗೆ ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ ಸುಮಾರು 7 ಗ್ರಾಂ ಕೆಎಚ್ ಖರ್ಚಾಗುತ್ತೆ. ಬೋರ್ ನೀರು ಹಾಕ್ವಾಗ ಅದು ವಾರವಾರ ತುಂಬ್ತಿತ್ತು, ಆರ್‌ಓ ನೀರಲ್ಲಿ ತುಂಬೋಕೆ ಏನೂ ಇರ್ಲಿಲ್ಲ. ಕೆಎಚ್ ಖಾಲಿ ಆದ್ಮೇಲೆ ಪಿಎಚ್ ಬಿತ್ತು, ಪಿಎಚ್ ಬಿದ್ಮೇಲೆ ಬ್ಯಾಕ್ಟೀರಿಯಾ ಕೆಲಸ ನಿಧಾನ ಆಯ್ತು, ಅಮೋನಿಯಾ ಸೇರ್ತಾ ಹೋಯ್ತು. ಆದ್ರೆ ಪಿಎಚ್ 6ರಲ್ಲಿ ಅದು ಬಹುತೇಕ ಅಮೋನಿಯಂ ಆಗಿರುತ್ತೆ, ಮೀನಿಗೆ ಅಷ್ಟು ವಿಷ ಅಲ್ಲ. 25 ಡಿಗ್ರಿ ನೀರಲ್ಲಿ ಪಿಎಚ್ 6ರಿಂದ 8ಕ್ಕೆ ಏರಿದ್ರೆ ವಿಷದ ಪಾಲು ಹೆಚ್ಚುಕಮ್ಮಿ ನೂರು ಪಟ್ಟಾಗುತ್ತೆ. ನಾನು ಅಮೋನಿಯಾನ ಅರ್ಧ ಮಾಡಿದ್ದೆ, ವಿಷಾನ ಹಲವು ಪಟ್ಟು ಏರಿಸಿದ್ದೆ.

ಪಿಎಚ್ ಆಗ್ಲೇ ಏರಿಬಿಟ್ಟಿದ್ರಿಂದ ಹಿಂದಕ್ಕೆ ಹೋಗೋ ದಾರಿ ಇರ್ಲಿಲ್ಲ. ಅದೇ ಬೋರ್ ನೀರಲ್ಲಿ ಇನ್ನೊಂದು 60 ಲೀಟರ್ ಬದಲಾಯ್ಸಿ, ಊಟ ನಿಲ್ಸಿ, ಏರ್ ಪಂಪ್ ಎರಡು ಹಾಕ್ದೆ. ಗೆಳೆಯನ ಟ್ಯಾಂಕಿಂದ ಬ್ಯಾಕ್ಟೀರಿಯಾ ಇರೋ ಹಳೇ ಸ್ಪಂಜು ತಂದು ಫಿಲ್ಟರಿಗೆ ತುರುಕ್ದೆ. ದಿನಾ ಸ್ವಲ್ಪ ಸ್ವಲ್ಪ ನೀರು ಬದಲಾಯ್ಸ್ತಾ ಎರಡು ವಾರಕ್ಕೆ ಅಮೋನಿಯಾ ಸೊನ್ನೆಗೆ ಬಂತು. ಎರಡು ಏಂಜಲ್, ಎರಡು ಮೋಲಿ, ಕೋರಿಡೋರಾಸ್ ನಾಲ್ಕೂ ಉಳ್ಕೊಂಡ್ವು.

ಮೂರು ತಿಂಗಳಾದ್ಮೇಲೆ ನನ್ನ ಭಾವಮೈದ ಫೋನ್ ಮಾಡಿ, "ಭಾವ, ಮೀನೆಲ್ಲ ಮಂಕಾಗಿವೆ, ಭಾನುವಾರ ಬನ್ನಿ, ಪೂರ್ತಿ ನೀರು ತೆಗೆದು ತೊಳೆದುಬಿಡೋಣ" ಅಂದ. ಅವನೂ ಆರ್‌ಓ ನೀರೇ ಹಾಕ್ತಿದ್ದ. "ಕೈ ಹಾಕ್ಬೇಡ ಕಣೋ, ಮೊದ್ಲು ಒಂದು ಬಾಟ್ಲಲ್ಲಿ ನೀರು ತಗೊಂಡು ಬಾ" ಅಂದೆ. ನೋಡಿದ್ರೆ ಅದೇ ಕಥೆ, ಪಿಎಚ್ 6, ಅಮೋನಿಯಾ 4. ಈ ಸಲ ಮೊದ್ಲು ಪಿಎಚ್ ಮುಟ್ಟೋಕೇ ಹೋಗ್ಲಿಲ್ಲ. ಅವನದು 100 ಲೀಟರ್ ಟ್ಯಾಂಕ್, ಊಟ ಕಮ್ಮಿ ಮಾಡಿ ದಿನಕ್ಕೆ 20 ಲೀಟರ್ ಅದೇ ಆರ್‌ಓ ನೀರಲ್ಲಿ ಬದಲಾಯ್ಸಿದ್ವಿ, ಹತ್ತು ದಿನಕ್ಕೆ ಅಮೋನಿಯಾ 1ಕ್ಕಿಂತ ಕೆಳಗೆ ಬಂತು. ಆಮೇಲೆ ಅಡುಗೆ ಸೋಡಾ. 100 ಲೀಟರ್‌ಗೆ 3 ಗ್ರಾಂ ಹಾಕಿದ್ರೆ ಕೆಎಚ್ ಒಂದು ಡಿಗ್ರಿ ಏರುತ್ತೆ, ನಾವು ದಿನಕ್ಕೆ ಒಂದೂವರೆ ಗ್ರಾಂ ಮಾತ್ರ, ಮಗ್ ನೀರಲ್ಲಿ ಕರಗಿಸಿ ಫಿಲ್ಟರ್ ನೀರು ಬೀಳೋ ಕಡೆ ನಿಧಾನಕ್ಕೆ ಸುರಿದ್ವಿ. ಆರು ದಿನದಲ್ಲಿ ಕೆಎಚ್ 3. ಒಂದು ಮೀನೂ ಸಾಯ್ಲಿಲ್ಲ.

ಈಗ ನಾನು ಎರಡು ಪಾಲು ಆರ್‌ಓಗೆ ಒಂದು ಪಾಲು ಬೋರ್ ನೀರು ಬೆರೆಸ್ತೀನಿ, ನಮ್ಮ ಬೋರ್ ನೀರಿನ ಕೆಎಚ್ 12, ಬೆರೆಸಿದ್ರೆ 4 ಬರುತ್ತೆ. ನನ್ನ ಹೆಂಡತಿ ಮಂಗಳೂರಿನ ಕಡೆಯವಳು, ಊರಿಂದ ತಂದ ಮರುವಾಯಿ (ಕಪ್ಪೆಚಿಪ್ಪು) ಚಿಪ್ಪನ್ನ ಕುದಿಸಿ ತೊಳೆದು ಜಾಲಿ ಚೀಲದಲ್ಲಿ ಕಟ್ಟಿ ಫಿಲ್ಟರಲ್ಲಿ ಇಟ್ಟಿದ್ದೀನಿ, ಪಿಎಚ್ ಇಳಿದಷ್ಟೂ ಅದು ಕರಗಿ ಕೆಎಚ್ ಕೊಡುತ್ತೆ. ಶನಿವಾರ ಶನಿವಾರ ಕೆಎಚ್ ಹನಿ ಎಣಿಸ್ತೀನಿ, ಎರಡು ನಿಮಿಷದ ಕೆಲಸ.

ಬಸವನಹುಳ ಎರಡೂ ಬದುಕಿವೆ. ಚಿಪ್ಪಿನ ತುದೀಲಿ ಹಳೇ ಗುಳಿ, ಬಿಳಿ ಹಾಗೇ ಇದೆ, ಬಾಯಿ ಹತ್ತಿರ ಮಾತ್ರ ಒಂದು ಬೆರಳಗಲ ಹೊಸ ಚಿಪ್ಪು ಬೆಳೆದಿದೆ, ನುಣ್ಣಗೆ, ಅರಿಶಿನದ ಬಣ್ಣ.