ಹಂಚಿನ ಮಾಡು ಬಿಡಿಸುವಾಗ ಅರೇ ಕಮಾಂಡಿಗೆ ಕೊಡುವ ಅಂತರ

ನಕ್ಷೆ ಬಿಡಿಸುವ ತಂತ್ರಾಂಶವಾದ ಆಟೋಕ್ಯಾಡ್‌ನಲ್ಲಿ ಒಂದು ಹಂಚು ಬಿಡಿಸಿ, ಅದನ್ನು ಸಾಲು ಸಾಲಾಗಿ ನಕಲಿಸುವ ಅರೇ ಕಮಾಂಡ್ ಕೊಟ್ಟರೆ ಇಡೀ ಮಾಡು (ಛಾವಣಿ) ತುಂಬುತ್ತದೆ. ಆದರೆ ಅದನ್ನೇ ನಂಬಿ ಹಂಚು ತರಿಸಿ ರೀಪು (ಹಂಚು ಕೂರುವ ಅಡ್ಡ ಪಟ್ಟಿ) ಹೊಡೆಸಿದಾಗ ಎರಡು ಸಾಲು ಕಡಿಮೆ ಬೀಳುವುದುಂಟು. ಇದು ಕಮಾಂಡಿನ ದೋಷವಲ್ಲ, ಅಂತರದ ಖಾನೆಯಲ್ಲಿ ನಾವು ತುಂಬಿದ ಸಂಖ್ಯೆಯ ದೋಷ. ಮಂಗಳೂರು, ಉಡುಪಿ ಕಡೆಯ ಮನೆಗಳಿಗೆ ನಾನು ಅನುಸರಿಸುವ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ.

ಕಂಪ್ಯೂಟರಿನ ಮುಂದೆ ಕೂರುವ ಮೊದಲು ಹಂಚು ಅಳೆಯಬೇಕು. ಐಎಸ್ 654 ಎಂಬ ಭಾರತೀಯ ಮಾನಕದಲ್ಲಿ ಮಂಗಳೂರು ಹಂಚಿಗೆ 410×235, 420×250, 425×260 ಮಿ.ಮೀ. ಎಂದು ಮೂರು ಅಳತೆಗಳಿವೆ. ಮಂಗಳೂರಿನಲ್ಲಿ 1865ರಲ್ಲಿ ಬಾಸೆಲ್ ಮಿಷನ್ ಹಂಚು ಸುಡಲು ಶುರುಮಾಡಿದ ಮೇಲೆ ಎಷ್ಟೋ ಕಾರ್ಖಾನೆಗಳ ಅಚ್ಚುಗಳು ಬಂದಿವೆ. ಹಳೆ ಮನೆ ಬಿಚ್ಚಿದ ಹಂಚನ್ನೇ ಹೊಸ ಮಾಡಿಗೆ ಹಾಕುವವರೂ ಇದ್ದಾರೆ. ಹಾಗಾಗಿ ಪುಸ್ತಕದ ಅಳತೆಗಿಂತ ಅಂಗಳದಲ್ಲಿ ಸಿಕ್ಕಿದ ಅಳತೆಯೇ ಮೇಲು. 11 ಹಂಚುಗಳನ್ನು ಮಾಡಿನ ಮೇಲೆ ಕೂರುವ ಹಾಗೆಯೇ ಒಂದರ ಮೇಲೊಂದು ಸಿಕ್ಕಿಸಿ ಸಾಲಾಗಿ ಇಡಿ. ಮೊದಲನೆಯದರ ಕೆಳ ಅಂಚಿನಿಂದ ಹನ್ನೊಂದನೆಯದರ ಕೆಳ ಅಂಚಿಗೆ ಟೇಪು ಹಿಡಿದು, ಬಂದದ್ದನ್ನು 10ರಿಂದ ಭಾಗಿಸಿ. 11ರಿಂದ ಭಾಗಿಸಬಾರದು, ಏಕೆಂದರೆ 11 ಹಂಚುಗಳ ನಡುವೆ ಇರುವುದು 10 ಅಂತರ. ಅಡ್ಡಕ್ಕೂ ಹೀಗೆಯೇ ಅಳೆಯಿರಿ.

ಉದ್ದಕ್ಕೆ 320, ಅಡ್ಡಕ್ಕೆ 210 ಬಂತು ಎಂದಿಟ್ಟುಕೊಳ್ಳೋಣ. ಅಂದರೆ 410×235ರ ಹಂಚಿನಲ್ಲಿ ಮೇಲೆ ಕೆಳಗೆ 90, ಪಕ್ಕಕ್ಕೆ 25 ಮಿ.ಮೀ. ಒಂದರ ಮೇಲೊಂದು ಕೂರುತ್ತದೆ. ಅರೇ ಕೇಳುವ ಅಂತರವೂ ಇದೇ: ಒಂದು ಹಂಚಿನ ಒಂದು ಬಿಂದುವಿನಿಂದ ಮುಂದಿನ ಹಂಚಿನ ಅದೇ ಬಿಂದುವಿಗೆ ಎಷ್ಟು ದೂರ ಎಂಬುದು. ಎರಡು ಹಂಚುಗಳ ನಡುವಿನ ಖಾಲಿ ಜಾಗ ಎಂದುಕೊಂಡು ಸೊನ್ನೆ ತುಂಬಿದರೆ ಎಲ್ಲವೂ ಒಂದೇ ಜಾಗದಲ್ಲಿ ಗುಡ್ಡೆ ಬೀಳುತ್ತವೆ.

ಈಗ ಇಳಿಜಾರಿನ ವಿಷಯ. ಹೆಚ್ಚಿನ ತಪ್ಪು ಆಗುವುದು ಇಲ್ಲೇ. 320 ಎಂಬುದು ಪಕ್ಕಾಸಿನ (ಮಾಡಿನ ಇಳಿಜಾರು ಮರದ) ಮೇಲಿನ ಅಳತೆ. ಪ್ಲಾನಿನಲ್ಲಿ ನಾವು ಮಾಡನ್ನು ನೇರ ಮೇಲಿನಿಂದ ನೋಡುತ್ತೇವೆ, ಹಾಗಾಗಿ ಇಳಿಜಾರಿನ ದಿಕ್ಕಿನ ಅಳತೆಯೆಲ್ಲ ಕುಗ್ಗುತ್ತದೆ. 30 ಡಿಗ್ರಿ ಇಳಿಜಾರಿಗೆ ಕೊಸೈನ್ 0.866. 320 ಅನ್ನು ಅದರಿಂದ ಗುಣಿಸಿದರೆ 277.13, ಹಂಚಿನ ಉದ್ದ 410 ಇದ್ದದ್ದು 355. ಅಡ್ಡದ 210 ಹಾಗೆಯೇ ಉಳಿಯುತ್ತದೆ. ಪ್ಲಾನಿನಲ್ಲಿ 3600 ಆಳ, 8400 ಉದ್ದದ ಒಂದು ಚಾವಡಿ ಮಾಡು ತೆಗೆದುಕೊಳ್ಳಿ. 277.13ರಂತೆ 13 ಸಾಲು ಕೊಟ್ಟರೆ 12 ಅಂತರ ಮತ್ತು ಕೊನೆಯ ಹಂಚಿನ 355 ಸೇರಿ 3680 ಆಗುತ್ತದೆ. ಹೆಚ್ಚಿನ 80 ಮಿ.ಮೀ. ಸೂರಿನಿಂದ ಹೊರಗೆ ಚಾಚುತ್ತದೆ. ಕೊಸೈನ್ ಮರೆತು 320, 410 ಎಂದೇ ಕೊಟ್ಟರೆ 11 ಸಾಲಿಗೇ 3610 ಬಂದು ಮಾಡು ತುಂಬಿದಂತೆ ಕಾಣುತ್ತದೆ. ನೋಡಲು ಯಾವ ಕೊರತೆಯೂ ಇರುವುದಿಲ್ಲ, ಸಂಶಯವೂ ಬರುವುದಿಲ್ಲ. ಆದರೆ 40 ಕಾಲಮ್ ಲೆಕ್ಕದಲ್ಲಿ 80 ಹಂಚು, ಎರಡು ಸಾಲು ರೀಪು ಕಡಿಮೆಯಾಗಿರುತ್ತದೆ.

ಬ್ಲಾಕ್ (ಗೆರೆಗಳನ್ನು ಒಂದೇ ವಸ್ತುವಾಗಿ ಕಟ್ಟಿದ್ದು) ಮಾಡುವಾಗ ಹಂಚನ್ನು ನಾಲ್ಕು ಗೆರೆಯ ಪೆಟ್ಟಿಗೆಯಾಗಿ ಬಿಡಿಸಬೇಡಿ. ಅಕ್ಕಪಕ್ಕದ ಪೆಟ್ಟಿಗೆಗಳ ಗೆರೆಗಳು ಒಂದರ ಮೇಲೊಂದು ಬಿದ್ದು ಫೈಲು ಸುಮ್ಮನೆ ಭಾರವಾಗುತ್ತದೆ. ಕೆಳಗಿನ 210, ಎಡಗಡೆಯ 277.13, ಹೀಗೆ ಎರಡೇ ಗೆರೆ ಸಾಕು. ಬ್ಲಾಕನ್ನು ಹಿಡಿದು ಕೂರಿಸುವ ಬೇಸ್ ಪಾಯಿಂಟ್ ಅವು ಕೂಡುವ ಮೂಲೆಯಲ್ಲಿ. ಬಲಕ್ಕೂ ಮೇಲಕ್ಕೂ ಕೊನೆಯಲ್ಲಿ ಒಂದೊಂದು ಗೆರೆ ಎಳೆದು ಮುಚ್ಚಿದರಾಯಿತು. ಸಿಎನ್‌ಸಿಯಲ್ಲಿ (ಕಂಪ್ಯೂಟರ್ ನಡೆಸುವ ಯಂತ್ರದಲ್ಲಿ) ಕತ್ತರಿಸುವ ಜಾಲಿಯ ಡ್ರಾಯಿಂಗಿಗೆ ಇದು ಇನ್ನೂ ಮುಖ್ಯ, ಜೋಡಿ ಗೆರೆ ಇದ್ದರೆ ಯಂತ್ರ ಅದೇ ದಾರಿಯಲ್ಲಿ ಎರಡು ಸಲ ಓಡುತ್ತದೆ. ಎಕ್ಸ್‌ಪ್ಲೋಡ್ ಮಾಡಿ (ಬಿಡಿ ಗೆರೆಗಳಾಗಿ ಒಡೆದು) ಓವರ್‌ಕಿಲ್ ಕೊಟ್ಟರೆ ಅಂಥವು ಹೋಗುತ್ತವೆ.

ಮನೆ ರಸ್ತೆಗೆ ಓರೆಯಾಗಿದ್ದರೆ ಮೊದಲು ಯುಸಿಎಸ್ (ಡ್ರಾಯಿಂಗಿನ ಅಕ್ಷಗಳ ದಿಕ್ಕನ್ನು ತಿರುಗಿಸುವ ಕಮಾಂಡ್) ಕೊಟ್ಟು, ಆಬ್ಜೆಕ್ಟ್ ಆಯ್ಕೆಯಲ್ಲಿ ಸೂರಿನ ಗೆರೆ ಮುಟ್ಟಿ. ಬ್ಲಾಕನ್ನು ಆಮೇಲೆಯೇ ಕೂರಿಸಿ. ಸಾಲು, ಕಾಲಮ್ ಎರಡೂ ಆಗಿನ ಯುಸಿಎಸ್ ದಿಕ್ಕನ್ನೇ ಹಿಡಿಯುತ್ತವೆ. ನಂತರ ಎಆರ್ ಒತ್ತಿ ಎಂಟರ್, ಬ್ಲಾಕ್ ಆರಿಸಿ ಎಂಟರ್, ರೆಕ್ಟ್ಯಾಂಗ್ಯುಲರ್. ಮೇಲೆ ತೆರೆಯುವ ಪಟ್ಟಿಯಲ್ಲಿ ಕಾಲಮ್ 40, ಬಿಟ್ವೀನ್ 210. ರೋ 13, ಬಿಟ್ವೀನ್ 277.13. ಪಕ್ಕದ ಟೋಟಲ್ ಖಾನೆಯಲ್ಲಿ 8400 ತುಂಬಬೇಡಿ. ಅದು ಮೊದಲ ಹಂಚಿನಿಂದ ಕೊನೆಯ ಹಂಚಿನ ಅದೇ ಬಿಂದುವಿಗೆ ಇರುವ ದೂರ, ಇಲ್ಲಿ 39 ಅಂತರದ 8190. ಎದುರು ದಿಕ್ಕಿಗೆ ಹೋಗಬೇಕಿದ್ದರೆ ಅಂತರಕ್ಕೆ ಮೈನಸ್ ಹಾಕಿ.

ಅಸೋಸಿಯೇಟಿವ್ ಆನ್ ಇಟ್ಟೇ ಮಾಡಿ. 2012ರ ಆವೃತ್ತಿಯಿಂದ ಬಂದ ಈ ಸೌಲಭ್ಯದಿಂದ ಇಳಿಜಾರು ಬದಲಾದಾಗ ಅರೇ ಮೇಲೆ ಕ್ಲಿಕ್ ಮಾಡಿ ಅಂತರ ತಿದ್ದಿದರೆ ಸಾಕು, ಬ್ಲಾಕಿನ ಉದ್ದದ ಗೆರೆಯನ್ನಷ್ಟೇ ಬೇರೆಯಾಗಿ ತಿದ್ದಬೇಕು. ಗಾಜಿನ ಹಂಚು ಬರುವ ಕಡೆ ಕಂಟ್ರೋಲ್ ಕೀ ಹಿಡಿದು ಆ ಒಂದನ್ನೇ ಆರಿಸಿ ಅಳಿಸಬಹುದು. ಆದರೆ ಹಂಚಿನ ಲೆಕ್ಕಕ್ಕೆ ಸಾಲು, ಕಾಲಮ್ ಗುಣಿಸುವಾಗ ಹೀಗೆ ಅಳಿಸಿದ್ದನ್ನು ನೀವೇ ಕಳೆಯಬೇಕು. ನಮ್ಮ ಚಾವಡಿಗೆ 520. ಒಡೆಯುವುದಕ್ಕೆಂದು ನಾನು ನೂರಕ್ಕೆ ಐದು ಸೇರಿಸಿ 546 ಬರೆಯುತ್ತೇನೆ.

ಎರಡು ಮಾಡು ಕೂಡುವ ವ್ಯಾಲಿಯಲ್ಲಿ ಹಂಚು ಓರೆಯಾಗಿ ಕತ್ತರಿಸಿದಂತೆ ಕಾಣಬೇಕು. ಟ್ರಿಮ್ ಇಲ್ಲಿ ಉಪಯೋಗಕ್ಕೆ ಬಾರದು, ಅರೇಯೊಳಗಿನ ಬ್ಲಾಕನ್ನು ಅದು ಕತ್ತರಿಸುವುದಿಲ್ಲ. ಹಾಗೆಂದು ಎಲ್ಲವನ್ನೂ ಎಕ್ಸ್‌ಪ್ಲೋಡ್ ಮಾಡಿದರೆ ಮುಂದೆ ತಿದ್ದುವ ದಾರಿ ಮುಚ್ಚುತ್ತದೆ. ನಾನು ಅರೇಯನ್ನೇ ಇನ್ನೊಂದು ಬ್ಲಾಕ್ ಮಾಡಿ, ಮಾಡಿನ ಅಂಚಿಗೆ ಮುಚ್ಚಿದ ಪಾಲಿಲೈನ್ (ಒಂದೇ ತುಂಡಾಗಿರುವ ಗೆರೆ) ಎಳೆದು, ಎಕ್ಸ್‌ಕ್ಲಿಪ್‌ನಲ್ಲಿ ಅದನ್ನು ಆರಿಸುತ್ತೇನೆ. ಹೊರಗಿನದ್ದು ಮರೆಯಾಗುತ್ತದೆ, ಒಳಗೆ ಅರೇ ಹಾಗೆಯೇ ಇರುತ್ತದೆ.

ಸೆಕ್ಷನ್ನಿನಲ್ಲಿ (ಮಾಡನ್ನು ಸೀಳಿ ಬದಿಯಿಂದ ನೋಡಿದ ಚಿತ್ರದಲ್ಲಿ) ರೀಪು ಬಿಡಿಸುವಾಗ ಯುಸಿಎಸ್ ಅನ್ನು ಪಕ್ಕಾಸಿನ ಗೆರೆಗೆ ತಿರುಗಿಸಿ ನಿಜವಾದ 320 ಕೊಡಿ. ಇಲ್ಲಿ ಕೊಸೈನ್ ಬೇಡ. ಸೂರಿನ ಕೊನೆಯ ರೀಪನ್ನು ಅರೇಯಿಂದ ಹೊರಗಿಟ್ಟು ಬೇರೆಯಾಗಿ ಬಿಡಿಸಿ. ಅದರ ಹಂಚಿನ ಕೆಳಗೆ ಇನ್ನೊಂದು ಹಂಚು ಇರುವುದಿಲ್ಲವಾದ್ದರಿಂದ ಅದನ್ನು ಸ್ವಲ್ಪ ಎತ್ತರಿಸಬೇಕು. ಅಳತೆ ಬರೆಯಲು ಓರೆಯ ಉದ್ದಕ್ಕೇ ಅಳೆಯುವ ಅಲೈನ್ಡ್ ಡೈಮೆನ್ಷನ್ ಬಳಸಿ. ಯುಸಿಎಸ್ ಅನ್ನು ಮೊದಲಿನಂತೆ ತಿರುಗಿಸಿದ ಮೇಲೆ, ಅಡ್ಡಕ್ಕೆ ನೇರವಾಗಿ ಅಳೆಯುವ ಲಿನಿಯರ್ ಬಳಸಿದರೆ 277 ಎಂದು ಬೀಳುತ್ತದೆ, ಆಚಾರಿ ಅದನ್ನೇ ಓದಿ ರೀಪು ಹೊಡೆದರೆ ಹಂಚುಗಳು ಒಂದರ ಮೇಲೊಂದು ಏರಿ ಕೊಂಡಿ ಸರಿಯಾಗಿ ಕೂರುವುದಿಲ್ಲ. ಪ್ಲಾನಿನಲ್ಲಿ ಸಾಲಿನ ಅಂತರವನ್ನು ನಾನು ಬರೆಯುವುದೇ ಇಲ್ಲ.