ಜಾಗತಿಕ ಆರ್ಥಿಕ ಸಂಸ್ಥೆಗಳ ಮುಖ್ಯಸ್ಥರ ಆಯ್ಕೆ: ಸುದ್ದಿಯನ್ನು ಓದುವ ಕ್ರಮ

ವಿಶ್ವ ಬ್ಯಾಂಕಿಗೋ ಅಂತರರಾಷ್ಟ್ರೀಯ ಹಣಕಾಸು ನಿಧಿಗೋ ಹೊಸ ಮುಖ್ಯಸ್ಥರು ಬಂದಾಗ, ಮೈಸೂರಿನಲ್ಲಿ ಕೆಎಎಸ್ ಪರೀಕ್ಷೆಗೆ ಓದುತ್ತಿರುವ ಅನೇಕರು ಹೆಸರನ್ನೂ ದೇಶವನ್ನೂ ಬರೆದುಕೊಂಡು ಮುಂದಿನ ಪುಟಕ್ಕೆ ಹೋಗುತ್ತಾರೆ. ಆ ಹೆಸರು ಹೇಗೆ ಬಂತೆಂದು ತಿಳಿಯಬೇಕಾದರೆ ಆಯ್ಕೆಯನ್ನು ಕೊನೆಯ ಹಂತದಿಂದ ಹಿಂದಕ್ಕೆ ಓದಬೇಕು.

ಮೊದಲು ಮತವನ್ನು ಹೇಗೆ ಎಣಿಸುತ್ತಾರೆಂದು ನೋಡಿ. ಮಂಡ್ಯದ ಹಳ್ಳಿಯ ಹಾಲು ಉತ್ಪಾದಕರ ಸಹಕಾರ ಸಂಘದಲ್ಲಿ ಒಂದು ಹಸು ಕಟ್ಟಿದ ಸದಸ್ಯರಿಗೂ ಹತ್ತು ಹಸು ಕಟ್ಟಿದ ಸದಸ್ಯರಿಗೂ ಒಂದೊಂದೇ ಮತ. ಷೇರು ಕಂಪನಿಯಲ್ಲಿ ಷೇರು ಎಷ್ಟೋ ಮತವೂ ಅಷ್ಟು. ನಿಧಿಯೂ ಬ್ಯಾಂಕೂ ಎರಡನೆಯ ಬಗೆಗೆ ಹತ್ತಿರ. ನಿಧಿಯಲ್ಲಿ ಅಮೆರಿಕದ ಮತಬಲ ಸುಮಾರು ಶೇ 16.5, ಭಾರತದ್ದು ಸುಮಾರು ಶೇ 2.6. ಆಯ್ಕೆ ಮಾಡುವವರು ಸದಸ್ಯ ದೇಶಗಳ ಪರವಾಗಿ ಕೂರುವ ಕಾರ್ಯನಿರ್ವಾಹಕ ನಿರ್ದೇಶಕರು. ನಿಧಿಯಲ್ಲಿ ಭಾರತ, ಬಾಂಗ್ಲಾದೇಶ, ಭೂತಾನ್ ಮತ್ತು ಶ್ರೀಲಂಕಾ ಈ ನಾಲ್ಕಕ್ಕೂ ಸೇರಿ ಒಬ್ಬರೇ ನಿರ್ದೇಶಕರು.

ಬಳಿಕ ನಾಮನಿರ್ದೇಶನದ ಹಂತಕ್ಕೆ ಬನ್ನಿ. ನಿಜವಾದ ತೀರ್ಮಾನ ಬಹುಪಾಲು ಇಲ್ಲಿಯೇ ಆಗಿರುತ್ತದೆ. ಬ್ಯಾಂಕು ಅಮೆರಿಕದವರಿಗೆ, ನಿಧಿ ಯುರೋಪಿನವರಿಗೆ ಎಂಬುದು ಯಾವ ನಿಯಮದಲ್ಲಿಯೂ ಬರೆದಿಲ್ಲದ, ಆದರೂ ಮುರಿಯದ ರೂಢಿ. 2023ರಲ್ಲಿ ವಿಶ್ವ ಬ್ಯಾಂಕಿನ ಅಧ್ಯಕ್ಷ ಪದವಿಗೆ ಅಮೆರಿಕ ಅಜಯ್ ಬಂಗಾ ಅವರನ್ನು ಸೂಚಿಸಿತು. ಮಾರ್ಚ್ 29ಕ್ಕೆ ನಾಮನಿರ್ದೇಶನದ ಅವಧಿ ಮುಗಿದಾಗ ಬೇರೆ ಹೆಸರೇ ಇರಲಿಲ್ಲ. ಮೇ 3ರ ಆಯ್ಕೆ, ನಮ್ಮ ಪಂಚಾಯಿತಿಗಳ ಭಾಷೆಯಲ್ಲಿ ಹೇಳುವುದಾದರೆ, ಅವಿರೋಧ ಆಯ್ಕೆಯಾಗಿತ್ತು. 2012ರಲ್ಲಿ ಹಾಗಾಗಿರಲಿಲ್ಲ: ನೈಜೀರಿಯಾದ ಎನ್‌ಗೋಜಿ ಒಕೊಂಜೊ-ಇವೇಲಾ ಕಣದಲ್ಲಿ ಕೊನೆಯವರೆಗೂ ನಿಂತರು, ಆದರೆ ಅಮೆರಿಕ ಸೂಚಿಸಿದ್ದ ಜಿಮ್ ಯಾಂಗ್ ಕಿಮ್ ಅವರೇ ಆಯ್ಕೆಯಾದರು. ಸಾಲದ ಷರತ್ತುಗಳನ್ನು ಹೊರುವ ದೇಶಗಳಿಗೆ ಈ ಪದವಿ ಎಂದೂ ದಕ್ಕದಿರುವುದು ನ್ಯಾಯವೆಂದು ನನಗೆ ಅನ್ನಿಸುವುದಿಲ್ಲ.

ನಿಯಮಗಳ ತಿದ್ದುಪಡಿಯ ಮೇಲೂ ಕಣ್ಣಿರಲಿ. 2019ರಲ್ಲಿ ಯುರೋಪಿನ ಸರ್ಕಾರಗಳು ಆಗಲೇ 65 ತುಂಬಿದ್ದ ಕ್ರಿಸ್ಟಲಿನಾ ಜಾರ್ಜಿಯೇವಾ ಅವರನ್ನು ತಮ್ಮೊಳಗೆ ಆರಿಸಿಕೊಂಡ ಮೇಲೆ, ನಿಧಿಯ ಗವರ್ನರುಗಳು 65 ತುಂಬಿದವರನ್ನು ನೇಮಿಸಬಾರದೆಂಬ ವಯೋಮಿತಿಯನ್ನು ತೆಗೆದುಹಾಕಿದರು.

ವಿಶ್ವ ವ್ಯಾಪಾರ ಸಂಸ್ಥೆಯ ಲೆಕ್ಕ ಬೇರೆ. ಮಂಡ್ಯದ ಕಬ್ಬು ಬೆಳೆಗಾರರಿಗೆ ಇದು ಹೆಚ್ಚು ಹತ್ತಿರದ್ದು, ಏಕೆಂದರೆ ಭಾರತದ ಸಕ್ಕರೆ ಮತ್ತು ಕಬ್ಬಿನ ಬೆಂಬಲದ ವಿರುದ್ಧ ಬ್ರೆಜಿಲ್, ಆಸ್ಟ್ರೇಲಿಯಾ, ಗ್ವಾಟೆಮಾಲಾ ತಂದ ದೂರಿನಲ್ಲಿ 2021ರ ಡಿಸೆಂಬರಿನಲ್ಲಿ ಅಲ್ಲಿನ ಸಮಿತಿಯೇ ನಮಗೆ ಪ್ರತಿಕೂಲವಾದ ವರದಿ ನೀಡಿತು. ಇಂಥ ವ್ಯಾಜ್ಯಗಳನ್ನು ಸಂಸ್ಥೆಯ ಮುಖ್ಯಸ್ಥರಾದ ಮಹಾನಿರ್ದೇಶಕರು ತೀರ್ಮಾನಿಸುವುದಿಲ್ಲ. ಮಾತುಕತೆಗೆ ದೇಶಗಳನ್ನು ಕೂರಿಸುವುದು ಅವರ ಕೆಲಸ. ಅವರನ್ನು ಆರಿಸುವಾಗ ಮೂವರು ರಾಯಭಾರಿಗಳು ಪ್ರತಿ ಸದಸ್ಯ ದೇಶದ ಒಲವನ್ನು ಗುಟ್ಟಾಗಿ ಕೇಳುತ್ತ, ಬೆಂಬಲ ಕಡಿಮೆಯಿರುವವರನ್ನು ಹಂತಹಂತವಾಗಿ ಕೈಬಿಟ್ಟು, ಒಮ್ಮತ ಮೂಡಬಲ್ಲ ಒಂದು ಹೆಸರಿಗೆ ಬರುತ್ತಾರೆ. ಒಂದು ದೇಶ ತಕರಾರು ತೆಗೆದರೂ ಎಲ್ಲವೂ ನಿಲ್ಲುತ್ತದೆ. 2020ರಲ್ಲಿ ಎಂಟು ಅಭ್ಯರ್ಥಿಗಳಿಂದ ಹೆಸರು ಒಕೊಂಜೊ-ಇವೇಲಾ ಅವರಿಗೆ ಬಂದು ನಿಂತಾಗ ಅಮೆರಿಕ ಒಪ್ಪಲಿಲ್ಲ. ಅಲ್ಲಿ ಸರ್ಕಾರ ಬದಲಾದ ಮೇಲೆಯೇ, 2021ರ ಫೆಬ್ರವರಿ 15ರಂದು, ಅವರ ನೇಮಕವಾಯಿತು.

ಏಷ್ಯಾ ಅಭಿವೃದ್ಧಿ ಬ್ಯಾಂಕಿಗೆ ಮೊದಲಿನಿಂದಲೂ ಜಪಾನಿನವರೇ ಅಧ್ಯಕ್ಷರು. ಬ್ರಿಕ್ಸ್ ದೇಶಗಳ ಬ್ಯಾಂಕಿನಲ್ಲಿ ಐದು ಸ್ಥಾಪಕ ದೇಶಗಳಿಗೆ ಸರದಿಯಿದೆ. ಮೊದಲ ಅಧ್ಯಕ್ಷರು ಮಂಗಳೂರು ಮೂಲದ ಕೆ.ವಿ. ಕಾಮತ್.

ಬಂಗಾ ಅವರ ಐದು ವರ್ಷದ ಅವಧಿ 2028ರ ಜೂನ್ ಆರಂಭಕ್ಕೆ ತುಂಬುತ್ತದೆ. ಆ ವರ್ಷದ ಜನವರಿಯಿಂದಲೇ ನಾಮನಿರ್ದೇಶನದ ಪ್ರಕಟಣೆಯನ್ನು ಹುಡುಕಿ, ಎಷ್ಟು ಹೆಸರುಗಳಿವೆ, ಭಾರತ ಯಾರ ಪರ ನಿಂತಿದೆ ಎಂಬುದನ್ನು ಬರೆದಿಟ್ಟುಕೊಳ್ಳಿ.